ಇಸ್ತ್ರಿ ಮೇಜಿನ ಮೇಲಿನ ಗೂಡು

ಮಧ್ಯಾಹ್ನ ಊಟಕ್ಕೆಂದು ಕೈ ತೊಳೆಯುತ್ತಿದ್ದೆ. ಇಸ್ತ್ರಿ ಅಂಗಡಿಯವನ ಹೆಂಡತಿ ಏಳು ತಿಂಗಳ ಕೂಸನ್ನು ಸೊಂಟಕ್ಕೇರಿಸಿಕೊಂಡು ಆಸ್ಪತ್ರೆಗೆ ಬಂದಳು. ಹಿಂದೆಯೇ ಅವಳ ಗಂಡ, ಚಪ್ಪಲಿ ನೋಡುತ್ತಾ.

"ಸಿಸ್ಟರ್, ನಿನ್ನೆ ಕಾಂಡೋಮ್ ಹರಿದುಹೋಯ್ತು. ಔಷಧಿ ಅಂಗಡೀಲಿ ಬಸಿರು ತಡೆಯೋ ಮಾತ್ರೆ ಕೇಳಿದ್ರೆ, ಅಂಗಡಿಯವನು ನಾಲ್ಕು ಜನರ ಮುಂದೆ 'ಆವಾಗ ಬುದ್ಧಿ ಎಲ್ಲಿತ್ತು?' ಅಂದ."

ನನಗೆ ಮೈಯೆಲ್ಲ ಉರಿದುಹೋಯಿತು. ಕೆಮ್ಮಿಗೆ ಔಷಧಿ ಕೇಳಿದವರಿಗೂ ಅವನು ಹೀಗೇ ಅನ್ನುತ್ತಾನೆಯೇ? ಇವಳಿಗೆ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದ್ದು. ಇಷ್ಟು ಬೇಗ ಮತ್ತೆ ಬಸಿರು ನಿಂತರೆ ಅವಳ ಜೀವಕ್ಕೇ ಅಪಾಯ.

"ಒಂದು ಸಲಕ್ಕೆ ಏನಾಗಲ್ಲ ಬಿಡಿ," ಎಂದ ಗಂಡ. "ಆ ಮಾತ್ರೆ ನುಂಗಿದ್ರೆ ಮುಂದೆ ಮಕ್ಕಳೇ ಆಗಲ್ವಂತೆ."

"ಯಾರಪ್ಪಾ ಹಾಗೆ ಹೇಳಿದ್ದು? ಬಸಿರಾಗೋಕೆ ಒಂದೇ ಸಲ ಸಾಕು. ಈ ಮಾತ್ರೆ ಬಸಿರು ನಿಲ್ಲದ ಹಾಗೆ ತಡೆಯುತ್ತೆ ಅಷ್ಟೇ, ನಿಂತಿದ್ದನ್ನ ತೆಗೆಯಲ್ಲ. ಮುಂದೆ ಮಕ್ಕಳಾಗೋಕೂ ಅಡ್ಡಿಯಿಲ್ಲ. ಮೂರು ದಿನದೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಒಳ್ಳೇದು. ಐದು ದಿನದೊಳಗೆ ಬಂದ್ರೆ ಗರ್ಭಕೋಶದೊಳಗೆ ಕಾಪರ್-ಟಿ ಹಾಕಿಸ್ಕೊಳ್ಳೋ ದಾರೀನೂ ಇದೆ."

"ಹಾಲು ಕುಡಿಸ್ತಿದೀನಲ್ಲ ಸಿಸ್ಟರ್?"

"ಕುಡಿಸು, ತೊಂದರೆಯಿಲ್ಲ. ಎರಡು ಮೂರು ಗಂಟೆಯೊಳಗೆ ವಾಂತಿಯಾದ್ರೆ ವಾಪಸ್ ಬಾ. ಮುಟ್ಟು ಒಂದು ವಾರ ತಡವಾದ್ರೂ ಬಾ."

ನಾನು ಕೊಟ್ಟ ಮಾತ್ರೆಯನ್ನು ಅವಳು ಅಲ್ಲೇ ನೀರಿನ ಜೊತೆ ನುಂಗಿದಳು. ನಾನು ಗಂಡನತ್ತ ತಿರುಗಿದೆ.

"ಕಾಂಡೋಮ್ ಎಲ್ಲಿಟ್ಟಿದ್ದೆ?"

"ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಅಂಗಡೀಲಿ... ಇಸ್ತ್ರಿ ಮೇಜಿನ ಮೇಲಿನ ಗೂಡಲ್ಲಿ."

"ಮಹರಾಯ! ಯಾವ ಬಟ್ಟೆಗೆ ಎಷ್ಟು ಶಾಖ ಅಂತ ಕಣ್ಣುಮುಚ್ಕೊಂಡು ಹೇಳ್ತೀಯ. ರಬ್ಬರಿಗೆ ಶಾಖ ಆಗಲ್ಲ ಅಂತ ಹೊಳೀಲಿಲ್ವಾ?"

ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅವನ ಮುಖ ಮಾತ್ರ ಸಣ್ಣಗಾಯಿತು.

ಸಂಜೆ ಅವನು ಔಷಧಿ ಅಂಗಡಿಗೆ ಹೋದ. ಅಂಗಡಿಯವನ ಬಿಳಿ ಕೋಟಿಗೆ ಇಸ್ತ್ರಿ ಹಾಕುವವನು ಇವನೇ. ತುಂಬಿದ ಅಂಗಡಿಯಲ್ಲಿ ಕೋಟನ್ನು ಅವನ ಕೈಗಿಟ್ಟು, "ಇದನ್ನ ಹಾಕ್ಕೊಳ್ಳೋದು ಔಷಧಿ ಕೊಡೋಕೆ ಸ್ವಾಮಿ, ನನ್ನ ಹೆಂಡ್ತೀನ ಅವಮಾನ ಮಾಡೋಕಲ್ಲ. ತಪ್ಪು ನಂದು, ಬೈಯೋದಿದ್ರೆ ನನ್ನ ಬೈಯಿರಿ," ಎಂದನಂತೆ.

ಅಕ್ಕಂದಿರೇ, ಕಾಂಡೋಮ್ ಹರಿದರೆ ನಾಚಿಕೊಂಡು ದಿನ ದೂಡಬೇಡಿ, ಅವತ್ತೇ ಬನ್ನಿ. ಈ ಮಾತ್ರೆ ಆಪತ್ತಿಗೆ ಮಾತ್ರ. ದಿನನಿತ್ಯಕ್ಕೆ ಬೇರೆ ದಾರಿಗಳಿವೆ, ಕೇಳಿ, ಹೇಳುತ್ತೇವೆ. ಅಣ್ಣಂದಿರೇ, ನೀವೂ ಜೊತೆಗೆ ಬನ್ನಿ. ಚಪ್ಪಲಿ ನೋಡುತ್ತಾ ಹಿಂದೆ ನಿಲ್ಲಬೇಡಿ, ಅವಳ ಪಕ್ಕದಲ್ಲಿ ನಿಲ್ಲಿ.