ಕಾಲರಿನ ಅಡಿಯ ಹಸಿರು

ಯಹೂದಿ ಗುರು ರಬ್ಬಿಗಳ ಮುಂಕೋಣೆಯಲ್ಲಿ ಒಲೆ ಧಗಧಗ ಉರಿಯುತ್ತಿದ್ದರೂ ಬ್ರೈನಾ ಕೋಟು ಬಿಚ್ಚಿರಲಿಲ್ಲ. ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಆರಿಸಿ ಕೂತಿದ್ದಳು. ಯುದ್ಧ ಮುಗಿದು ಎರಡು ವರ್ಷವಾಗಿತ್ತು, ಆಂಟ್ವರ್ಪಿನ ಬೀದಿಗಳಲ್ಲಿ ಮತ್ತೆ ಯಹೂದಿಗಳ ಯಿದ್ದಿಷ್ ಮಾತು ಕೇಳುತ್ತಿತ್ತು. ಆದರೂ ಎಲ್ಲಿ ಹೋದರೂ ಮೊದಲು ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುವ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ.

"ಕೋಟು ಬಿಚ್ಚೇ, ಬೆಂದು ಹೋಗ್ತೀಯ," ಎಂದರು ಚಹಾ ತಂದ ಎಷ್ಟೆರ್ಕೆ, ರಬ್ಬಿಗಳ ಹೆಂಡತಿ. "ಮದುಮಗಳು ಬೇಯಿಸಿದ ಮೀನಿನ ಥರ ಕಂಡ್ರೆ ಲೈಬಿಷ್ ಓಡಿಹೋದಾನು."

"ಇರಲಿ ಅಮ್ಮ, ನನಗೆ ಚಳಿ."

"ಪೆರ್ಲಾ ನನ್ನ ಅಡುಗೆಮನೇಲಿದಾಳೆ. ಒಂದು ತಟ್ಟೆ ಬಿಸ್ಕತ್ತು ಆಗಲೇ ಮುಗಿಸಿದಾಳೆ. ಒಳ್ಳೆ ಸುದ್ದಿ ತಗೊಂಡು ಬಾ."

ಪೆರ್ಲಾ ಬ್ರೈನಾಳ ಅಕ್ಕ ಗೀಟಲಳ ಮಗಳು. ಅವಳಿಗೆ ಆರು ವರ್ಷ. ಯುದ್ಧಕಾಲದಲ್ಲಿ ಹಾಲು ಕುಡಿಯುವ ಕೂಸಾಗಿದ್ದ ಅವಳನ್ನು ಎದೆಗವಚಿಕೊಂಡು ಹೋಗಿ, ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಬಟ್ಟೆ ಒಗೆಯುವವಳಾಗಿ ಅಡಗಿದ್ದು, ಬದುಕಿಸಿ ತಂದವಳು ಬ್ರೈನಾ. ಗೀಟಲಳನ್ನು ಜರ್ಮನ್ ಸೈನಿಕರು ಸಾವಿನ ಶಿಬಿರದ ರೈಲಿಗೆ ತುಂಬಿದರು. ಅವಳ ಗಂಡ ಲೈಬಿಷ್ ಕೂಲಿ ಶಿಬಿರದಿಂದ ತಪ್ಪಿಸಿಕೊಂಡು ಬಂದ. ಈಗ ವಜ್ರ ಉಜ್ಜುವ ಕೆಲಸ ಮಾಡುತ್ತಾನೆ. ಬೇರೆ ಕೋಣೆ ಹಿಡಿದಿದ್ದಾನೆ. ಶುಕ್ರವಾರ ಸಂಜೆ ಊಟಕ್ಕೆ ಮಾತ್ರ ಬರುತ್ತಾನೆ.

ಅವನೂ ಬ್ರೈನಾಳೂ ಮದುವೆಯಾಗಲು ತೊಡಕು ಇದ್ದದ್ದು ಒಂದೇ. ಯಹೂದಿ ಶಾಸ್ತ್ರದ ಪ್ರಕಾರ ಹೆಂಡತಿ ಸತ್ತ ಮೇಲೆ ಅವಳ ತಂಗಿಯನ್ನು ಮದುವೆಯಾಗಲು ಅಡ್ಡಿಯಿಲ್ಲ, ಮಕ್ಕಳ ದೃಷ್ಟಿಯಿಂದ ಅದು ಒಳ್ಳೆಯದೇ ಎನ್ನುತ್ತಾರೆ. ಆದರೆ ಅಕ್ಕ ಎಲ್ಲಾದರೂ ಉಸಿರಾಡುತ್ತಿರುವಷ್ಟು ದಿನ ತಂಗಿ ಅವನಿಗೆ ನಿಷಿದ್ಧ. ರೈಲಿನಲ್ಲಿ ಗೀಟಲ್ ಜೊತೆಗಿದ್ದ ತೋಯ್ಬ ಎಂಬವಳು, ಜ್ವರದಲ್ಲಿ ಅವಳು ಸತ್ತದ್ದನ್ನು ಕಂಡೆನೆಂದು ಕಳೆದ ತಿಂಗಳು ಹೇಳಿದ್ದಳು. "ಬೇರೆ ಹೆಣ್ಣಾದರೆ ಈ ಒಂದು ಮಾತೇ ಸಾಕಿತ್ತು," ಎಂದಿದ್ದರು ರಬ್ಬಿಗಳು. "ತಂಗಿ ಅಂದ ಮೇಲೆ ಇಬ್ಬರು ಸಾಕ್ಷಿ ಬೇಕು."

ಆ ಬೇರೆ ಹೆಣ್ಣೂ ಸಿದ್ಧವಾಗಿದ್ದಳು. ಮದುವೆ ದಲ್ಲಾಳಿ ಲಂಡನ್ನಿನ ಒಬ್ಬ ವಿಧವೆಯ ಫೋಟೋ ತೋರಿಸಿ ಹೋಗಿದ್ದ. ಲೈಬಿಷ್ ಅಲ್ಲಿಗೆ ಹೋದರೆ ಪೆರ್ಲಾಳೂ ಹೋಗುತ್ತಾಳೆ. ಅಕ್ಕ ಸತ್ತಿರುವುದು ಖಚಿತವಾಗಲಿ ಎಂದು ತಾನು ಒಂದು ತಿಂಗಳಿಂದ ಹಂಬಲಿಸುತ್ತಿದ್ದೇನೆ ಎಂಬುದು ನೆನಪಾದಾಗಲೆಲ್ಲ ಬ್ರೈನಾ ಊಟದ ತಟ್ಟೆಯನ್ನು ದೂರ ಸರಿಸುತ್ತಿದ್ದಳು.

ರಬ್ಬಿಗಳೂ ಇಬ್ಬರು ಹಿರಿಯರೂ ಬಂದು ಮೇಜಿನ ಹಿಂದೆ ಕೂತರು. ಲೈಬಿಷನೂ ಸಾಕ್ಷಿಯೂ ಎದುರಿಗೆ ಕೂತರು. ಎರಡನೆಯ ಸಾಕ್ಷಿ ಝೀಷೆ ಎದ್ದು ನಿಂತ. ಲೈಬಿಷನ ಪಕ್ಕದ ಚಕ್ರದಲ್ಲೇ ವಜ್ರ ಉಜ್ಜುವವನು, ಅದೇ ರೈಲಿನಲ್ಲಿ ಹೋಗಿ ಬದುಕಿ ಬಂದವನು.

"ರೈಲು ನಿಂತಾಗ ಹೆಣಗಳನ್ನ ಹಳಿ ಪಕ್ಕ ಮಲಗಿಸಿದ್ರು," ಎಂದ ಝೀಷೆ. "ಅದರಲ್ಲಿ ಗೀಟಲ್ ಇದ್ದಳು."

"ಮುಖ ಕಂಡೆಯಾ?"

"ಮುಖ... ಹೌದು. ಕೋಟೂ ಕಂಡೆ. ಹಸಿರು ಕೋಟು. ಮೇಲಿಂದ ಮೂರನೇ ಗುಂಡಿ ಮಾತ್ರ ಕಂದು ಬಣ್ಣದ್ದು."

ಆ ಗುಂಡಿ ಬ್ರೈನಾಳ ಬೆರಳಿನ ಅಡಿಯಲ್ಲೇ ಇತ್ತು.

ಮಗುವಿನೊಂದಿಗೆ ಬ್ರೈನಾ ಮಠಕ್ಕೆ ಹೊರಟ ಬೆಳಿಗ್ಗೆ ಗೀಟಲ್ ತನ್ನ ಕೋಟಿನ ಮೇಲಿದ್ದ, ಯಹೂದಿ ಎಂದು ಗುರುತಿಸುವ ಹಳದಿ ನಕ್ಷತ್ರವನ್ನು ಹಲ್ಲಿನಿಂದ ಹರಿದು ತೆಗೆದು, ಕೋಟನ್ನು ತಂಗಿಯ ಮೈಮೇಲೆ ಹೊದಿಸಿದ್ದಳು. "ಮಗು ಎತ್ಕೊಂಡು ಬೀದೀಲಿ ನಡೀಬೇಕಾದವಳು ನೀನು. ನಾನು ಮನೇಲೇ ಇರ್ತೀನಲ್ಲ," ಅಂದಿದ್ದಳು. ಮಠದ ಒಗೆಮನೆಯಲ್ಲಿ ಬ್ರೈನಾ ಅದಕ್ಕೆ ಕಪ್ಪು ಬಣ್ಣ ಹಾಕಿದಳು. ಗೀಟಲ್ ಕೋಟಿಲ್ಲದೆ ಆ ರೈಲು ಹತ್ತಿದಳು ಎಂದು ಹೇಳುವ ಧೈರ್ಯ ಬಾರದೆ ಲೈಬಿಷನಿಗೂ ತಿಳಿಸಿರಲಿಲ್ಲ; ಅವನೆದುರು ಆ ಗುಂಡಿಯನ್ನು ಕೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ಆ ಕಂದು ಗುಂಡಿಯನ್ನು ಹೊಲಿದುಕೊಟ್ಟವನು ಅವನೇ.

ಅವಳು ಲೈಬಿಷನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ನಿನ್ನ ಅಕ್ಕನಿಗೆ ಅಂಥ ಕೋಟು ಇತ್ತೇನಮ್ಮ?" ಎಂದು ರಬ್ಬಿಗಳು ಕೇಳಿದರು.

"ಇತ್ತು."

ಸುಳ್ಳಲ್ಲ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡರೆ ಸಾಕು. ರಬ್ಬಿಗಳು ಲೇಖನಿಯನ್ನು ಶಾಯಿಯಲ್ಲಿ ಅದ್ದಿದರು. ಅಡುಗೆಮನೆಯಿಂದ ಪೆರ್ಲಾಳ ನಗು ಕೇಳಿತು. ಹಳಿ ಪಕ್ಕ ಮಲಗಿದ್ದ ಯಾರೋ ಹೆಣ್ಣಿನ ಮೇಲೆ ಅಕ್ಕನ ಹೆಸರು ಬರೆಯಲಿದ್ದಾರೆ. ನಾಳೆ ಗೀಟಲ್ ಬಾಗಿಲು ತಟ್ಟಿದರೆ ತೆರೆಯುವವಳು ತಾನು, ಅವಳ ಗಂಡನ ಹೆಂಡತಿ.

ಬ್ರೈನಾ ಎದ್ದು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಕೋಟನ್ನು ಮೇಜಿನ ಮೇಲೆ ಹಾಕಿ ಕಾಲರ್ ಎತ್ತಿದಳು. ಹೊಲಿಗೆಯ ಒಳಗೆ, ಬಣ್ಣ ಹಿಡಿಯದ ಕಡೆ, ಹಸಿರು ಉಳಿದಿತ್ತು.

"ಇದು ಅವಳ ಕೋಟು," ಎಂದಳು. "ಅವಳು ರೈಲು ಹತ್ತೋ ಮೊದಲೇ ನನಗೆ ಕೊಟ್ಟಿದ್ದು."

ಝೀಷೆ ಟೋಪಿ ಸರಿಮಾಡಿಕೊಂಡ. "ನೀನೇ ಹೇಳಿಕೊಟ್ಟೆಯಲ್ಲೋ ಲೈಬಿಷ್, ಕೋಟು ಹಸಿರು ಅಂತ!"

ರಬ್ಬಿಗಳು ಲೇಖನಿ ಒರೆಸಿಟ್ಟರು. "ಬೇರೆ ಸಾಕ್ಷಿ ಸಿಕ್ಕರೆ ಬನ್ನಿ," ಎಂದರು.

ಮೆಟ್ಟಿಲ ಬಳಿ ಲೈಬಿಷ್ ಅವಳನ್ನು ತಡೆದ. "ತೋಯ್ಬ ಕಣ್ಣಾರೆ ಕಂಡಿದಾಳೆ. ಗೀಟಲ್ ಇಲ್ಲ ಅಂತ ನಿನಗೂ ಗೊತ್ತು."

"ಗೊತ್ತು ಭಾವ. ಆದ್ರೆ ಝೀಷೆ ನೋಡಿಲ್ಲವಲ್ಲ."

"ಇಷ್ಟು ಶುದ್ಧ ಆಗಿ ಏನು ಸಾಧಿಸಿದೆ? ಪೆರ್ಲಾಗೆ ಏನು ಹೇಳ್ತೀಯ?"

ಅಷ್ಟರಲ್ಲಿ ಪೆರ್ಲಾ ಬಾಯಿಗೆಲ್ಲ ಸಕ್ಕರೆ ಮೆತ್ತಿಕೊಂಡು ಓಡಿ ಬಂದಳು.

"ಚಿಕ್ಕಮ್ಮ, ಇನ್ಮೇಲೆ ಅಪ್ಪ ನಮ್ಮನೇಲೇ ಇರ್ತಾನಾ?"

"ಶುಕ್ರವಾರ ಬರ್ತಾನೆ ಪುಟ್ಟಿ."

"ಈ ಶುಕ್ರವಾರ ಬರಲ್ಲ," ಎಂದ ಲೈಬಿಷ್, ಗೋಡೆಯ ಕಡೆ ನೋಡುತ್ತ. "ಲಂಡನ್ನಿಗೆ ಹೋಗಿ ಬರಬೇಕು." ಬಾಗಿಲು ತೆರೆದು ಹೊರಟುಹೋದ.

ಬೀದಿಯಿಂದ ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಬ್ರೈನಾ ಕೋಟು ತೊಡಲಿಲ್ಲ. ಅದನ್ನು ಪೆರ್ಲಾಳ ಹೆಗಲ ಮೇಲೆ ಹೊದಿಸಿ, ನೆಲಕ್ಕೆ ತಾಗದಂತೆ ಎತ್ತಿ ಹಿಡಿದು, ಕಂದು ಗುಂಡಿ ಹಾಕತೊಡಗಿದಳು. ಅದು ಕಾಜಿಗೆ ಸಿಕ್ಕುತ್ತಲೇ ಇರಲಿಲ್ಲ.