ಅಟಾಶೆ ರಾಘವನ ಧಾರೆ

ಹಿಂದಿನ ಅಡುಗೆಮನೆಯಿಂದ ಒಗ್ಗರಣೆಯ ಘಾಟು ಮಂಟಪದವರೆಗೂ ಬಂತು, ಸಾಸಿವೆ ಸೀದಿದೆ ಅಂದುಕೊಂಡಳು ಕೋಕಿಲಾ, ಹಸೆಮಣೆಯ ಮೇಲಿದ್ದ ತಮ್ಮ ರಾಘವನ ಮೂಗೂ ಅರಳಿತು, ಅಯ್ಯೋ ಬಾಯಿ ಬಿಡಬೇಡವೋ, ಧಾರೆಯೊಂದು ಮುಗಿಯಲಿ — ಕಾಠ್ಮಂಡುವಿನ ಎಂಬೆಸಿಯಲ್ಲಿ ಅಡುಗೆಯವನು ಅಂದದ್ದಕ್ಕೇ ತಾನೆ ಮೂರು ಮನೆಯವರು ಉಪ್ಪಿಟ್ಟು ಕೊಟ್ಟು ಕಳಿಸಿ, ಆಮೇಲೆ ಜಾತಕ ಕೂಡಲಿಲ್ಲ ಅಂದದ್ದು, ನಾಲ್ಕನೆಯದು ಗವಿಪುರದ ಶ್ರೀನಿವಾಸಯ್ಯನವರ ಮನೆ, ಹುಡುಗ ಏನ್ ಕೆಲಸದಲ್ಲಿದಾನಮ್ಮ ಅಂದರು, ರಾಘವ ಕಾಗದದಲ್ಲಿ ಬರೆದಿದ್ದನಲ್ಲ, ನಮ್ಮ ಅಟಾಶೆ ಸಾಹೇಬರಿಗೆ ನನ್ನ ಸಾರು ಅಂದ್ರೆ ಪ್ರಾಣ ಅಕ್ಕ ಅಂತ, ಆ ಪದವೇ ನಾಲಿಗೆಗೆ ಬಂತು, ಅಟಾಶೆ ಅಂದುಬಿಟ್ಟಳು. ಫ್ರೆಂಚ್ ಮಾತಂತೆ, ರಾಯಭಾರಿಯ ಕೈಕೆಳಗಿನ ದೊಡ್ಡ ಅಧಿಕಾರಿಯಂತೆ, ಶ್ರೀನಿವಾಸಯ್ಯ ನಿಘಂಟು ನೋಡಿ ಬಂದು ಅವಳಿಗೆ ಕೈಮುಗಿದರು, ಕೈಮುಗಿಸಿಕೊಂಡಳಲ್ಲ, ಥೂ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ಅವಳು ಹೇಳಿದ್ದು ಒಂದೇ, ಅವೆನ್ಯೂ ರಸ್ತೆಯಲ್ಲಿ ಐನೂರು ಮದುವೆ ಕಾರ್ಡಿನ ಮೇಲೆ ಅದೇ ಬಂಗಾರದ ಅಕ್ಷರದಲ್ಲಿ ಅಚ್ಚಾಯಿತು. ಮೊನ್ನೆ ಬಂದಿಳಿದ ರಾಘವ ಕಾರ್ಡು ನೋಡಿ ಇದೇನಕ್ಕ ಅಂದ, ಎಂಬೆಸಿನಲ್ಲಿರೋರಿಗೆಲ್ಲ ಹಾಗೇ ಅಂತಾರೆ ಬಿಡೋ, ನಿನ್ನ ಅಡುಗೆ ಕೆಲಸದ ವಿಷ್ಯ ಅವ್ರಿಗೆಲ್ಲ ಹೇಳಿದೀನಿ ಅಂದಳು, ಅಕ್ಕ ಅಂದಮೇಲೆ ಮುಗಿಯಿತು ಅವನಿಗೆ, ಕೈ ಚಾಚಿ ಹೊಸ ಸುಟ್ಟ ಕಲೆ ತೋರಿಸಿದ, ಪ್ರತಿ ಸಲವೂ ತೋರಿಸುತ್ತಾನೆ, ಆಟದಲ್ಲಿ ಗೆದ್ದ ಪದಕ ತೋರಿಸುವ ಹಾಗೆ.

ಕೈ ಒಡ್ಡಪ್ಪ, ಪುರೋಹಿತರು. ರಾಘವ ಒಡ್ಡಿದ, ಶ್ರೀನಿವಾಸಯ್ಯ ಮಗಳು ಸುಪ್ರಜಾಳ ಮದರಂಗಿಯ ಕೈ ಹಿಡಿದು ಅದರ ಮೇಲಿಡಲು ತಂದವರು — ಅಯ್ಯೋ ಇದೇನಪ್ಪ, ಕೈಯೆಲ್ಲ ಕಲೆ? ರಾಘವ ನಗುತ್ತಾನೆ, ಮುಂಗೈ ತಿರುಗಿಸುತ್ತಾನೆ, ಇದು ಹಪ್ಪಳ ಕರಿಯೋವಾಗ ಎಣ್ಣೆ ಸಿಡಿದದ್ದು, ಇದು ಹಬೆ, ದಿನಾ ನಲವತ್ತು ಜನರ ಅಡುಗೆ ಮಾವ, ಅಕ್ಕ ಹೇಳಿಲ್ವಾ? ಅಡುಗೇನಾ, ಅಟಾಶೆ ಅಂದಿದ್ರಲ್ಲಮ್ಮ ನೀವು, ಶ್ರೀನಿವಾಸಯ್ಯ ಕೂಗಲಿಲ್ಲ, ಕೂಗಿದ್ದರೆ ಎಷ್ಟೋ ವಾಸಿಯಿತ್ತು, ಹೇಳೇ ಕೋಕಿಲಾ, ತಪ್ಪು ನನ್ನದು, ಹುಡುಗನದಲ್ಲ, ಅಷ್ಟು ಹೇಳೇ, ಹುಡುಗಿಯ ತಾಯಿ ಗೋದಾ ಓರೆ ಮಾಡಿದ ಕಲಶ ಓರೆಯಾಗಿಯೇ ಇದೆ, ಸುಪ್ರಜಾಳ ಕೈ ಗಾಳಿಯಲ್ಲಿದೆ, ರಾಘವ ಅಕ್ಕನ ಮುಖ ನೋಡಿದ, ಕಲೆಗಳನ್ನು ನೋಡಿಕೊಂಡ, ನಾಚಿಕೆ, ಅವನಿಗೆ, ಅವನಿಗೇಕೆ ನಾಚಿಕೆ, ಆ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದು ಶಲ್ಯದೊಳಗೆ ಮುಚ್ಚಿಕೊಂಡ, ಕೈ, ಶಲ್ಯದೊಳಗೆ, ಮುಚ್ಚಿಕೊಂಡ ಆ ಕೈ —