ಶಿರಹಟ್ಟಿಯ ಬಿಸಿ ಮಿರ್ಚಿ

ಯಾವ ಊರಿನ ಯಾವ ಹೋಟೆಲಿನಲ್ಲಿ ಚಹಾ ಚೆನ್ನ ಎಂದು ತಿಳಿಯಬೇಕಾದರೆ ನಮ್ಮ ಕಚೇರಿಯವರೆಲ್ಲ ನನ್ನ ಮೇಜಿಗೇ ಬರುತ್ತಿದ್ದರು. ಆ ದೊಡ್ಡಸ್ತಿಕೆ ನೆನೆದರೆ ಈಗ ನಾಚಿಕೆಯಾಗುತ್ತದೆ.

೧೯೭೮ರ ಒಂದು ಎರಡನೇ ಶನಿವಾರ, ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಸಲ, ಹೆಂಡತಿ ವಿಮಲಾಳನ್ನು ಗದಗಿನಿಂದ ತಿರುಗಾಟಕ್ಕೆ ಹೊರಡಿಸಿದೆ. ಅವ್ವನಿಗೆ ಹೇಳಿದ್ದು ದೇವರ ದರ್ಶನ. ನನ್ನ ಹುನ್ನಾರ ಬೇರೆ, ಊರೂರ ಸಣ್ಣ ಹೋಟೆಲುಗಳ ರುಚಿ ನೋಡುವುದು. "ನಿನಗೂ ತೋರಸ್ತೀನಿ" ಎಂದಿದ್ದೆ. ಅವಳು ಮದುವೆಯ ಸೀರೆ ಉಟ್ಟು ಬಂದಿದ್ದಳು.

ಲಕ್ಷ್ಮೇಶ್ವರದಲ್ಲಿ ಎರಡು ಒಳ್ಳೆಯ ಹೋಟೆಲು ಸಿಕ್ಕವು. ಎರಡರಲ್ಲೂ ಬರೀ ಗಂಡಸರು, ಬೀಡಿ ಹೊಗೆ. ನಮ್ಮಂಥ ಪೂಜಾರಿಕೆಯ ಮನೆತನದ ಸೊಸೆ ಹೋಟೆಲಿನಲ್ಲಿ ಕುಳಿತಳೆಂಬ ಸುದ್ದಿ ಗದಗಿಗೆ ಮುಟ್ಟಿದರೆ? "ನೀ ಇಲ್ಲೇ ನಿಂದ್ರು, ಕಟ್ಟಿಸಿಕೊಂಡು ಬರ್ತೀನಿ" ಎಂದು ಒಳಗೆ ಹೋಗಿ, ನಾನು ಬಿಸಿಬಿಸಿ ತಿಂದು, ಅವಳಿಗೆ ಎಲೆಯಲ್ಲಿ ಕಟ್ಟಿಸಿ ತಂದೆ. ಚಹಾ ಕಟ್ಟಿಸಲು ಬರುವುದಿಲ್ಲವಲ್ಲ, ಅದು ಅವಳಿಗೆ ಸಿಗಲಿಲ್ಲ.

"ಹೆಂಗದ?" ಎಂದೆ.

"ಛಲೋ ಅದ" ಎಂದಳು, ಅಷ್ಟೇ. ರುಚಿ ತಿಳಿಯದವಳನ್ನು ಕಟ್ಟಿಕೊಂಡೆನಲ್ಲ ಎಂದು ನಾನೇ ಮರುಗಿದೆ.

ಮರುದಿನ ಶಿರಹಟ್ಟಿ. ಅವಳನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಒಳಹೊಕ್ಕೆ. ಅಲ್ಲಿಯ ಮಿರ್ಚಿ ಭಜಿ ಬಾಯಿಗಿಟ್ಟ ಮೇಲೆ ಲೋಕವೇ ಮರೆತುಹೋಯಿತು. ಎರಡು ಪ್ಲೇಟು, ಎರಡು ಚಹಾ, ಪಕ್ಕದವನೆದುರು ನನ್ನ ಹೋಟೆಲು ಪುರಾಣ. ಪೊಟ್ಟಣ ಹಿಡಿದು ಹೊರಬಂದಾಗ ಮರದ ನೆರಳು ಎಲ್ಲೋ ಸರಿದಿತ್ತು. ವಿಮಲಾ ಇರಲಿಲ್ಲ.

ಪೇಟೆಯೆಲ್ಲ ಓಡಾಡಿದೆ. ಕೊನೆಗೆ ಕಾಯಿಪಲ್ಲೆ ಸಾಲಿನ ತುದಿಯಲ್ಲಿ ಅವಳ ನಗು ಕೇಳಿಸಿತು. ತಗಡಿನ ಚಪ್ಪರ, ಒಲೆಯ ಮುಂದೆ ಒಬ್ಬ ಮುದುಕಿ, ಬೆಂಚಿನ ತುಂಬ ಕಾಯಿಪಲ್ಲೆ ಮಾರುವ ಹೆಂಗಸರು. ಅವರ ನಡುವೆ ಚಹಾದ ಕಪ್ಪು ಹಿಡಿದು ನನ್ನ ಹೆಂಡತಿ. ಅಂಥ ನಗುವನ್ನು ಮನೆಯಲ್ಲಿ ನಾನು ಕೇಳಿಯೇ ಇರಲಿಲ್ಲ.

ಒಳಗೆ ಕಾಲಿಟ್ಟೆ. "ಗಂಡಸ್ರು ಹೊರಗ ನಿಂದ್ರಬೇಕ್ರಿ," ಎಂದಳು ಮುದುಕಿ. "ಒಳಗ ಹೆಣ್ಮಕ್ಕಳು ಅದಾರ. ಏನ್ ಬೇಕೋ ಅಲ್ಲೇ ಕೊಡ್ತೀನಿ."

ಬಿಸಿಲಿನಲ್ಲಿ ನಿಂತೆ. ಹೋಗಿಬರುವವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಐದು ನಿಮಿಷಕ್ಕೇ ಸಿಟ್ಟು ನೆತ್ತಿಗೇರಿತು. ಅವಳು ಎರಡು ದಿನದಿಂದ ನಿಂತಿದ್ದಳು ಎಂಬುದು ಆಗ ಹೊಳೆಯಿತು. ಸಿಟ್ಟು ಇಳಿದು ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ವಿಮಲಾ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಓಡಿಬಂದಳು. ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿ.

"ಬಿಸಿ ಇದ್ದಾಗನ ತಿನ್ರಿ. ಆರಿದ್ರ ರುಚಿ ಇರೂದಿಲ್ಲ."

ದನಿಯಲ್ಲಿ ಅಣಕ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಕೈಯ ತಣ್ಣನೆಯ ಪೊಟ್ಟಣವನ್ನು ಬೆನ್ನ ಹಿಂದೆ ಮರೆಮಾಡಿದೆ. ಅವಳು ನೋಡಿಬಿಟ್ಟಳು.

"ನನಗಂತ ತಂದೀರಲ್ಲ, ಕೊಡ್ರಿ" ಎಂದು, ಎಂದಿನಂತೆ ಕೈ ಚಾಚಿದಳು.